ಪರಂಪರೆ ಕಾಯುವ ಅಂತರರಾಷ್ಟ್ರೀಯ ಒಪ್ಪಂದಗಳು: ನಾಲ್ಕು ಗಂಟೆಯ ತರಬೇತಿಯಲ್ಲಿ ಏನಿರಲಿ, ಏನು ಬೇಡ?

ಓಲೆಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಿರುವ ಅಂತರರಾಷ್ಟ್ರೀಯ ಒಪ್ಪಂದಗಳ ಬಗ್ಗೆ ಮೂವತ್ತು ಜನರಿಗೆ ನಾಲ್ಕು ಗಂಟೆಯ ತರಬೇತಿ ಸಿದ್ಧವಾಗಬೇಕಿದೆ. ಮ್ಯೂಸಿಯಂ ಸಹಾಯಕರು, ಗ್ರಂಥಾಲಯದವರು, ಕಸ್ಟಮ್ಸ್ ಸಿಬ್ಬಂದಿ, ಇತಿಹಾಸದ ವಿದ್ಯಾರ್ಥಿಗಳು ಬೆರೆತ ಗುಂಪು. ಈಗಿರುವ ಕರಡಿನಲ್ಲಿ 60 ಸ್ಲೈಡ್‌ಗಳಿವೆ: 1954ರ ಹೇಗ್, 1970, 1972, ಯುನಿಡ್ರಾಯ್ಟ್ (ಖಾಸಗಿ ಕಾನೂನನ್ನು ಏಕರೂಪಗೊಳಿಸುವ ಅಂತರರಾಷ್ಟ್ರೀಯ ಸಂಸ್ಥೆಯದು), 2001, 2003, 2005. ಇಸವಿ, ವಿಧಿಗಳ ಸಂಖ್ಯೆ, ಸೇರಿದ ದೇಶಗಳ ಪಟ್ಟಿ. ಕೇಳುವವರಿಗಿಂತ ಮೊದಲು ಹೇಳುವವರಿಗೇ ನಿದ್ದೆ ಬರುವ ಹಾಗಿದೆ.

ಯಾವುದನ್ನು ಉಳಿಸಬೇಕು? ಕೈಯಾರೆ ಮಾಡಿಸುವ ಅಭ್ಯಾಸ ಏನಿಡಬಹುದು? ಪೋಸ್ಟರ್ ಮೇಲೆ ಸಾಂಸ್ಕೃತಿಕ ಆಸ್ತಿಯ ರಕ್ಷಣೆಗಿರುವ ನೀಲಿ ಗುರಾಣಿ ಚಿಹ್ನೆ ಹಾಕಿ, ಬಂದವರಿಗೆಲ್ಲ ಅದರ ಸ್ಟಿಕ್ಕರ್ ಹಂಚುವ ಯೋಚನೆಯಿದೆ, ಸರಿಯೇ? ಕೊನೆಯಲ್ಲಿ ತಲೆಗೆ ಹೋಯಿತೋ ಇಲ್ಲವೋ ಅಳೆಯುವುದು ಹೇಗೆ?

ಶಾಸನಪ್ರಿಯ

ಮೊದಲು ದೇಶಗಳ ಪಟ್ಟಿ ತೆಗೆಯಿರಿ. ಅದು ಬದಲಾಗುತ್ತಲೇ ಇರುತ್ತದೆ, ಬೇಕಾದವರು ಯುನೆಸ್ಕೊ ತಾಣದಲ್ಲಿ ನೋಡಿಕೊಳ್ಳುತ್ತಾರೆ. ವಿಧಿಗಳ ಸಂಖ್ಯೆಗಳಲ್ಲಿ ಒಂದು ಗುಂಪನ್ನು ಮಾತ್ರ ಇಟ್ಟುಕೊಳ್ಳಿ: ಹೇಗ್ ಒಪ್ಪಂದದ 25ನೇ ವಿಧಿ, 1970ರದರ 10, 1972ರದರ 27, 2001ರದರ 20, 2003ರದರ 14. ಇವೆಲ್ಲ ಹೇಳುವುದು ಒಂದೇ ಮಾತು: ಜನರಿಗೆ ತಿಳಿಸಿ. ಒಪ್ಪಂದಕ್ಕೆ ಸೇರಿದ ದೇಶಕ್ಕೆ ಜಾಗೃತಿ ಮೂಡಿಸುವುದು ಪುಣ್ಯದ ಕೆಲಸವಲ್ಲ, ಒಪ್ಪಿಕೊಂಡು ಬಂದ ಬಾಧ್ಯತೆ. ಹೇಗ್ ಒಪ್ಪಂದದ 26ನೇ ವಿಧಿಯಂತೆ ನಾಲ್ಕು ವರ್ಷಕ್ಕೊಮ್ಮೆಯಾದರೂ ವರದಿ ಕೊಡಬೇಕು. ತರಬೇತಿಗೆ ಮೇಲಿನವರ ಅನುಮತಿ ಕೇಳುವಾಗ ಈ ವಿಧಿಗಳನ್ನು ಪತ್ರದಲ್ಲಿ ಕಾಣಿಸಿ, ಕಡತ ಬೇಗ ಮುಂದೆ ಹೋಗುತ್ತದೆ.

ಒಪ್ಪಂದಗಳನ್ನು ಇಸವಿಯ ಸಾಲಿನಲ್ಲಿ ಹೇಳುವ ಬದಲು, ಯಾವ ಆಪತ್ತಿಗೆ ಯಾವುದು ಎಂದು ಹೇಳಿ. ಯುದ್ಧ ಬಂದರೆ 1954ರ ಹೇಗ್ ಮತ್ತು ಅದರ ಎರಡು ಪೂರಕ ಒಪ್ಪಂದಗಳು (1954, 1999). ಕದ್ದು ಗಡಿ ದಾಟಿಸಿದರೆ 1970 ಮತ್ತು 1995ರ ಯುನಿಡ್ರಾಯ್ಟ್. ಸ್ಮಾರಕ ಅಥವಾ ನಿಸರ್ಗ ತಾಣದ ದೀರ್ಘಕಾಲದ ಕಾಳಜಿಗೆ 1972. ನೀರಿನಡಿ ಇದ್ದರೆ 2001. ಹಾಡು, ಕುಣಿತ, ಕಸುಬು, ಆಚರಣೆಯಂಥ ಅಮೂರ್ತ ಪರಂಪರೆಯಾದರೆ 2003. 2005ರದ್ದು ಪುಸ್ತಕ, ಸಿನಿಮಾ, ಸಂಗೀತದಂಥ ಅಭಿವ್ಯಕ್ತಿಗಳ ವೈವಿಧ್ಯಕ್ಕೆ ಸಂಬಂಧಿಸಿದ್ದು, ನಿಮ್ಮ ಗುಂಪಿಗೆ ಬೇಡ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡಿ. ಅಮೂರ್ತ ಪರಂಪರೆಯ ಒಪ್ಪಂದವೂ, ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧರನ್ನು ಸ್ಫೋಟಿಸಿದ ಮೇಲೆ ಬಂದ 'ಉದ್ದೇಶಪೂರ್ವಕ ನಾಶ'ದ ಘೋಷಣೆಯೂ ಅಂಗೀಕಾರವಾದದ್ದು ಒಂದೇ ದಿನ, 17 ಅಕ್ಟೋಬರ್ 2003. ಮೊದಲನೆಯದಕ್ಕೆ ಸೇರಿದ ದೇಶ ಕಾನೂನಿನ ಕಟ್ಟಿಗೆ ಒಳಗಾಗುತ್ತದೆ; ಎರಡನೆಯದು ಘೋಷಣೆ, ನೈತಿಕ ತೂಕ ಮಾತ್ರ. ಕರಪತ್ರಗಳಲ್ಲಿ ಎರಡನ್ನೂ 'ಒಪ್ಪಂದ' ಎಂದೇ ಬರೆಯುವವರು ಬಹಳ.

ಕಳವಿನ ವಿಷಯಕ್ಕೆ ಒಂದೇ ಸಾಲು ಸಾಕು: 1970ರ ನಂತರ ಕದ್ದು ಸಾಗಿಸಿದ್ದೆಲ್ಲ ಮರಳಬೇಕು.

ಗಡಿಕಟ್ಟೆ

ಶಾಸನಪ್ರಿಯ ಅವರೇ, ಉಳಿದದ್ದೆಲ್ಲ ಒಪ್ಪುವಂಥದ್ದೇ, ಕೊನೆಯ ಸಾಲು ಮಾತ್ರ ತಪ್ಪು. ಎಲ್ಲ ಕಡೆ ಹಬ್ಬಿರುವ ತಪ್ಪು ಇದು, ಕಸ್ಟಮ್ಸ್‌ನವರ ಮುಂದೆ ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಒಪ್ಪಂದ ಅಂಗೀಕಾರವಾದದ್ದು 14 ನವೆಂಬರ್ 1970, ಜಾರಿಗೆ ಬಂದದ್ದು 24 ಏಪ್ರಿಲ್ 1972. ಆದರೆ 7(ಬಿ) ವಿಧಿಯಲ್ಲಿ ಲೆಕ್ಕ ಶುರುವಾಗುವುದು ಸಂಬಂಧಪಟ್ಟ ಎರಡೂ ದೇಶಗಳಿಗೆ ಅದು ಜಾರಿಯಾದ ಮೇಲೆ. ಅಮೆರಿಕ ಸೇರಿದ್ದು 1983ರಲ್ಲಿ, ಫ್ರಾನ್ಸ್ 1997, ಬ್ರಿಟನ್ 2002, ಸ್ವಿಟ್ಜರ್ಲೆಂಡ್ 2003, ಜರ್ಮನಿ 2007. ಕಲಾ ಮಾರುಕಟ್ಟೆ ದೊಡ್ಡದಾಗಿರುವ ದೇಶಗಳೇ ತಡವಾಗಿ ಬಂದವು ಎಂಬುದನ್ನು ಗಮನಿಸಿ. 1985ರಲ್ಲಿ ಕಳುವಾಗಿ 1990ರಲ್ಲಿ ಲಂಡನ್ ಸೇರಿದ ಶಿಲ್ಪವನ್ನು ಈ ವಿಧಿಯ ಬಲದಿಂದ ಕೇಳಲು ಬರುವುದಿಲ್ಲ. ಆ ದೇಶದ ಸ್ವಂತ ಕಳ್ಳಮಾಲು ಕಾನೂನು, ರಾಜತಾಂತ್ರಿಕ ಮಾತುಕತೆ, ಮ್ಯೂಸಿಯಂನ ನೀತಿಸಂಹಿತೆ ಇವುಗಳ ದಾರಿ ಹಿಡಿಯಬೇಕು. 1970 ಎಂಬ ಇಸವಿಯನ್ನು ಗಡಿಗೆರೆಯಾಗಿ ಬಳಸುವುದು ಮ್ಯೂಸಿಯಂಗಳು ತಾವೇ ಹಾಕಿಕೊಂಡ ನೀತಿ.

7(ಬಿ)ಯಲ್ಲಿ ಇನ್ನೊಂದು ಕೊಕ್ಕೆಯಿದೆ. ವಸ್ತು ಮ್ಯೂಸಿಯಂ, ಸಾರ್ವಜನಿಕ ಸ್ಮಾರಕ ಅಥವಾ ಅಂಥದೇ ಸಂಸ್ಥೆಯಿಂದ ಕಳುವಾಗಿರಬೇಕು, ಅದರ ದಾಖಲೆಪಟ್ಟಿಯಲ್ಲಿ ಇತ್ತು ಎಂಬುದಕ್ಕೆ ಪುರಾವೆ ಇರಬೇಕು. ಪಟ್ಟಿಯಲ್ಲಿ ಇಲ್ಲದ ವಸ್ತುವಿನ ಪಾಲಿಗೆ ಈ ವಿಧಿ ಇದ್ದೂ ಇಲ್ಲದ ಹಾಗೆ. ನಿಮ್ಮ ತರಬೇತಿಯ ನಡುಗಂಬ ಇದೇ ಆಗಬೇಕು ಎಂಬುದು ನನ್ನ ವಾದ. ಬೇಡಿಕೆ ಹೋಗುವುದು ರಾಜತಾಂತ್ರಿಕ ದಾರಿಯಲ್ಲಿ, ದೇಶದಿಂದ ದೇಶಕ್ಕೆ. ಪುರಾವೆ ಒದಗಿಸುವ ಖರ್ಚು ಕೇಳುವ ದೇಶದ್ದು. ಅರಿಯದೆ ಕೊಂಡವನಿಗೆ ನ್ಯಾಯಯುತ ಪರಿಹಾರವನ್ನೂ ಅದೇ ಕೊಡಬೇಕು.

ಯುನಿಡ್ರಾಯ್ಟ್ (24 ಜೂನ್ 1995, ಜಾರಿ 1 ಜುಲೈ 1998) ಈ ತೂತುಗಳನ್ನು ಮುಚ್ಚಲೆಂದೇ ಬಂತು. ಅಲ್ಲಿ ಖಾಸಗಿ ಮಾಲೀಕರೂ ನೇರವಾಗಿ ಕೋರ್ಟಿಗೆ ಹೋಗಬಹುದು. ಪಟ್ಟಿಯಲ್ಲಿ ಇರಲೇಬೇಕೆಂಬ ಷರತ್ತಿಲ್ಲ. ಅಕ್ರಮವಾಗಿ ಅಗೆದು ತೆಗೆದದ್ದನ್ನೂ ಕದ್ದದ್ದೆಂದೇ ಎಣಿಸಬಹುದು. ವಸ್ತು ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ತಿಳಿದ 3 ವರ್ಷದೊಳಗೆ ಕೇಳಬೇಕು. ಕಳುವಾಗಿ 50 ವರ್ಷ ದಾಟಿದರೆ ಸಾಮಾನ್ಯವಾಗಿ ಹಕ್ಕು ಹೋಗುತ್ತದೆ. ಸಾರ್ವಜನಿಕ ಸಂಗ್ರಹದ ವಸ್ತುಗಳಿಗೂ ಗುರುತಿಸಲಾದ ಸ್ಮಾರಕದ ಭಾಗಗಳಿಗೂ ಆ 50ರ ಮಿತಿ ಇಲ್ಲ. ಕೊಂಡವನಿಗೆ ಪರಿಹಾರ ಬೇಕಾದರೆ, ಕೊಳ್ಳುವಾಗ ತಕ್ಕ ಎಚ್ಚರ ವಹಿಸಿದ್ದೆ ಎಂದು ಅವನೇ ಸಾಬೀತು ಮಾಡಬೇಕು. ಇಷ್ಟೆಲ್ಲ ಒಳ್ಳೆಯದಿದ್ದೂ ಅಮೆರಿಕ, ಬ್ರಿಟನ್, ಜರ್ಮನಿ ಇದಕ್ಕೆ ಸೇರಿಲ್ಲ. ಹಲ್ಲಿದೆ, ಕಡಲೆ ಇರುವ ಕಡೆ ಇಲ್ಲ.

ದಾಖಲೆಪೆಟ್ಟಿಗೆ

ಗಡಿಕಟ್ಟೆಯವರು ಹೇಳಿದ ನಡುಗಂಬಕ್ಕೆ ಅಭ್ಯಾಸ ಇಲ್ಲಿದೆ. ಒಂದು ಗಂಟೆ ಹತ್ತು ನಿಮಿಷ ಎತ್ತಿಡಿ.

ಆಬ್ಜೆಕ್ಟ್ ಐಡಿ ಎಂಬ ವಿವರಣಾ ಮಾನದಂಡ 1997ರಿಂದ ಬಳಕೆಯಲ್ಲಿದೆ, ಈಗ ಅದನ್ನು ನೋಡಿಕೊಳ್ಳುವುದು ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ ಐಕಾಮ್. ಅದು ಕೇಳುವುದು: ಫೋಟೊ, ವಸ್ತುವಿನ ಬಗೆ, ಯಾವುದರಿಂದ, ಹೇಗೆ ಮಾಡಿದ್ದು, ಅಳತೆ, ಬರಹ ಮತ್ತು ಗುರುತುಗಳು, ಇದಕ್ಕೇ ವಿಶಿಷ್ಟವಾದ ಲಕ್ಷಣ, ಹೆಸರು, ವಿಷಯ, ಕಾಲ, ಮಾಡಿದವರು. ಕೊನೆಗೆ ಒಂದು ಸಣ್ಣ ವಿವರಣೆ. ಇಷ್ಟೂ ಸೇರಿ ಎರಡು ಪುಟ ದಾಟುವುದಿಲ್ಲ.

ಐದು ಒಂದೇ ಬಗೆಯ ಸಾಮಾನ್ಯ ವಸ್ತುಗಳನ್ನು ತನ್ನಿ: ಐದು ಲೋಹದ ಬಟ್ಟಲು, ಇಲ್ಲವೇ ಒಂದೇ ಮುದ್ರಣದ ಐದು ಹಳೆಯ ಪುಸ್ತಕ. ನಿಜವಾದ ಸಂಗ್ರಹದ ವಸ್ತು ಮುಟ್ಟಿಸಬೇಡಿ. ಒಬ್ಬರು ಒಂದನ್ನು ನೋಡಿ 20 ನಿಮಿಷದಲ್ಲಿ ವಿವರಣೆ ಬರೆಯಲಿ. ಆ ಹಾಳೆಯನ್ನು ಇನ್ನೊಬ್ಬರಿಗೆ ಕೊಟ್ಟು, ಐದರಲ್ಲಿ ಅದು ಯಾವುದು ಎಂದು ಆರಿಸಲು ಹೇಳಿ. ಮೊದಲ ಸುತ್ತಿನಲ್ಲಿ ಬಹುಪಾಲು ಜನ ಎಡವುತ್ತಾರೆ, ಏಕೆಂದರೆ ಅವರು 'ಸುಂದರವಾದ ಹಳೆಯ ಬಟ್ಟಲು, ಅಂಚಿನಲ್ಲಿ ಹೂವಿನ ಕೆತ್ತನೆ' ಎಂದು ಬರೆದಿರುತ್ತಾರೆ. ಐದಕ್ಕೂ ಹೂವಿನ ಕೆತ್ತನೆಯೇ ಇದೆಯಲ್ಲ! ಬೇಕಾದದ್ದು ಅಂದವಲ್ಲ, ಊನ: ಅಂಚಿನಿಂದ 12 ಮಿಲಿಮೀಟರ್ ಕೆಳಗೆ ಬೆಸುಗೆ ಹಾಕಿದ ಸೀಳು, ತಳದಲ್ಲಿ ಮೂರು ಗೀರು. ಪುಸ್ತಕವಾದರೆ ಹುಳು ತಿಂದ ತೂತು ಯಾವ ಪುಟದಿಂದ ಯಾವ ಪುಟಕ್ಕೆ, ಮೊಹರಿನ ಶಾಯಿ ಎಲ್ಲಿ ಹರಡಿದೆ. ಕಳ್ಳ ಮೊಹರನ್ನು ಅಳಿಸಬಲ್ಲ, ಸಂಖ್ಯೆಯ ಚೀಟಿ ಕೀಳಬಲ್ಲ; ಹುಳು ತಿಂದ ದಾರಿಯನ್ನು ಅಳಿಸಲಾರ. ಎರಡನೇ ಸುತ್ತು ಮಾಡಿಸಿದರೆ ಹಾಳೆಗಳೇ ಬದಲಾಗಿರುತ್ತವೆ.

ಫೋಟೊ ಬಗ್ಗೆ. ಬೂದು ಬಣ್ಣದ ಬರಿ ಹಿನ್ನೆಲೆ, ಪಕ್ಕದಲ್ಲಿ ಅಳತೆಪಟ್ಟಿ. ಫ್ಲ್ಯಾಷ್ ಬೇಡ, ಲೋಹ ಹೊಳೆದು ಗೀರುಗಳು ಮಾಯವಾಗುತ್ತವೆ. ಕೆತ್ತಿದ ಅಕ್ಷರಗಳಿಗೆ ಬದಿಯಿಂದ ಓರೆಯಾಗಿ ಬೆಳಕು ಬಿಡಿ, ಎದುರು ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ದುಂಡನೆಯ ವಸ್ತುವಿಗೆ ನಾಲ್ಕು ಬದಿ, ಮೇಲೆ, ತಳ. ಹಿಂಭಾಗ ಮತ್ತು ತಳ ಎಲ್ಲರೂ ಮರೆಯುವ ಜಾಗ. ಅಳತೆಯಲ್ಲಿ 'ಎತ್ತರ, ಅಗಲ, ಆಳ' ಎಂದು ಹೆಸರು ಬರೆಯದೆ ಬರೀ '24 x 18 x 9' ಎಂದರೆ ನಾಳೆ ಯಾರಿಗೂ ಅರ್ಥವಾಗದು. ಪೀಠ ಸೇರಿಸಿದ ಎತ್ತರವೋ, ಬಿಟ್ಟದ್ದೋ ಅದೂ ಬೇಕು. ನಾಣ್ಯಕ್ಕೆ ತೂಕ ಕಡ್ಡಾಯ.

ದಾಖಲೆಯ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲೇಬೇಕು. ವಸ್ತು ಮತ್ತು ಅದರ ಪಟ್ಟಿ ಒಂದೇ ಕಪಾಟಿನಲ್ಲಿದ್ದರೆ ಬೆಂಕಿಗೂ ಕಳ್ಳನಿಗೂ ಎರಡೂ ಒಟ್ಟಿಗೇ ಸಿಗುತ್ತವೆ.

ಇದೆಲ್ಲ ಯಾಕೆ ಎಂದರೆ: ಇಂಟರ್‌ಪೋಲ್‌ನ ಕಳುವಾದ ಕಲಾಕೃತಿಗಳ ದತ್ತಾಂಶದಲ್ಲಿ 50,000ಕ್ಕೂ ಹೆಚ್ಚು ವಸ್ತುಗಳಿವೆ. ಅದಕ್ಕೆ ನೀವಾಗಿ ಸೇರಿಸಲು ಬರುವುದಿಲ್ಲ. ಪೊಲೀಸರಲ್ಲಿ ದೂರು, ಅಲ್ಲಿಂದ ಆ ದೇಶದ ರಾಷ್ಟ್ರೀಯ ಕೇಂದ್ರ ಘಟಕ, ಅಲ್ಲಿಂದ ಇಂಟರ್‌ಪೋಲ್. ಸ್ಪಷ್ಟವಾಗಿ ಗುರುತು ಹಿಡಿಯಬಹುದಾದದ್ದು ಮಾತ್ರ ಒಳಗೆ ಹೋಗುತ್ತದೆ. ಹುಡುಕಲು 2021ರಿಂದ ಐಡಿ-ಆರ್ಟ್ ಎಂಬ ಮೊಬೈಲ್ ಆ್ಯಪ್ ಇದೆ, ಸಾರ್ವಜನಿಕರೂ ಬಳಸಬಹುದು. ತರಬೇತಿಯಲ್ಲೇ ಎಲ್ಲರ ಫೋನಿಗೂ ಹಾಕಿಸಿಬಿಡಿ.

ಓಲೆಗರಿ

ಅಭ್ಯಾಸ ತುಂಬ ಚೆನ್ನಾಗಿದೆ, ಹಾಗೇ ಎತ್ತಿಕೊಳ್ಳುತ್ತೇನೆ. ಹಾಗಾದರೆ ಕಸ್ಟಮ್ಸ್‌ನವರಿಗೆ 'ಅನುಮಾನ ಬಂದರೆ ಇಂಟರ್‌ಪೋಲ್ ಪಟ್ಟಿ ನೋಡಿ, ಅದರಲ್ಲಿ ಇಲ್ಲದಿದ್ದರೆ ಬಿಡಿ' ಎಂದು ಹೇಳಬಹುದೇ? ಜೊತೆಗೆ ಐಕಾಮ್‌ನ ಕೆಂಪು ಪಟ್ಟಿಗಳನ್ನೂ ಮುದ್ರಿಸಿ ಕೊಡಬಹುದೇ? ನೀಲಿ ಗುರಾಣಿಯ ವಿಷಯ ಯಾರೂ ಹೇಳಲಿಲ್ಲ.

ಗಡಿಕಟ್ಟೆ

ಪಟ್ಟಿಯಲ್ಲಿ ಇಲ್ಲ ಎಂದರೆ ಶುದ್ಧ ಎಂದಲ್ಲ. ನೆಲದಿಂದ ಅಗೆದು ತೆಗೆದದ್ದನ್ನು ಕಳ್ಳನಿಗಿಂತ ಮೊದಲು ಯಾರೂ ಕಂಡೇ ಇರುವುದಿಲ್ಲ. ಅದು ಯಾವ ಪಟ್ಟಿಯಲ್ಲಿ ಇದ್ದೀತು? ಆ ಸಾಲನ್ನು ಖಂಡಿತ ಹಾಕಬೇಡಿ.

ಕೆಂಪು ಪಟ್ಟಿ ಕೊಡಿ, ಆದರೆ ಅದು ಏನು ಎಂದು ಹೇಳಿ ಕೊಡಿ. ಅದರಲ್ಲಿರುವ ಚಿತ್ರಗಳು ಕಳುವಾದ ವಸ್ತುಗಳವಲ್ಲ, ಕಳುವಾಗುವ ಅಪಾಯವಿರುವ ಬಗೆಗಳವು. ಚಿತ್ರದಲ್ಲಿರುವ ಆ ಮೂರ್ತಿಯೇ ಮ್ಯೂಸಿಯಂನಲ್ಲಿ ಸುರಕ್ಷಿತವಾಗಿರಬಹುದು. ಇದನ್ನು ಹೇಳದಿದ್ದರೆ 'ಇದು ಆ ಚಿತ್ರದ್ದಲ್ಲ' ಎಂದು ಮಾಲು ಬಿಟ್ಟುಕಳಿಸುವವರು ಇರುತ್ತಾರೆ.

ಕಾಗದದ ಪರೀಕ್ಷೆಗೆ ಒಂದು ಮಾರಾಟದ ಜಾಹೀರಾತನ್ನು ನೀವೇ ಬರೆದು ಹಂಚಿ, ಅನುಮಾನದ ಮಾತುಗಳಿಗೆ ಗೆರೆ ಎಳೆಸಿ. 'ಹಳೆಯ ಯುರೋಪಿನ ಖಾಸಗಿ ಸಂಗ್ರಹದಿಂದ' ಎಂದಿದ್ದರೆ ಯಾರ ಸಂಗ್ರಹ, ಯಾವ ಇಸವಿ? 'ಅಜ್ಜನಿಂದ ಬಂದದ್ದು' ಎಂದರೆ ಅಜ್ಜ ತಂದ ಕಾಗದ ಎಲ್ಲಿ? ಮಣ್ಣು ಇನ್ನೂ ಅಂಟಿರುವುದು, ಮುರಿದ ಅಂಚು ಹೊಸದಾಗಿ ಬೆಳ್ಳಗೆ ಕಾಣುವುದು, ಶಿಲ್ಪದ ಪಾದದ ಬಳಿ ಗರಗಸದ ಗೆರೆ. ಬೆಲೆಪಟ್ಟಿ, ವಿಮೆಯ ಪತ್ರ, ಹರಾಜಿನ ರಸೀದಿ ಇವು ಯಾವುವೂ ರಫ್ತು ಅನುಮತಿಯಲ್ಲ. 1970ರ ಒಪ್ಪಂದದ 6ನೇ ವಿಧಿ ಕೇಳುವ ರಫ್ತು ಪ್ರಮಾಣಪತ್ರಕ್ಕೆ ಯುನೆಸ್ಕೊ ಮತ್ತು ವಿಶ್ವ ಕಸ್ಟಮ್ಸ್ ಸಂಸ್ಥೆ ಸೇರಿ ಒಂದು ಮಾದರಿ ನಮೂನೆ ಮಾಡಿವೆ, ಅದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ. ಆಯಾ ದೇಶ ಏನನ್ನು ಹೊರಗೆ ಬಿಡುತ್ತದೆ ಎಂಬುದು ಯುನೆಸ್ಕೊದ ರಾಷ್ಟ್ರೀಯ ಪರಂಪರೆ ಕಾನೂನುಗಳ ದತ್ತಾಂಶದಲ್ಲಿ ಸಿಗುತ್ತದೆ.

ಪೋಸ್ಟರಿನಲ್ಲಿ ವಸ್ತುವಿನ ಬೆಲೆ ಮಾತ್ರ ಬರೆಯಬೇಡಿ. 'ಹರಾಜಿನಲ್ಲಿ ಇಷ್ಟು ಕೋಟಿಗೆ ಹೋದದ್ದು' ಎಂಬ ಸಾಲನ್ನು ಓದಿ ಎಚ್ಚರಗೊಳ್ಳುವವರಿಗಿಂತ ಸಲಿಕೆ ಹುಡುಕುವವರು ಹೆಚ್ಚು.

ಕೋಟೆಬಾಗಿಲು

ನೀಲಿ ಗುರಾಣಿಗೆ ನನ್ನ ಉತ್ತರ: ಸ್ಟಿಕ್ಕರ್ ಬೇಡವೇ ಬೇಡ.

ಅದು ಅಲಂಕಾರವಲ್ಲ, ಕೆಂಪು ಶಿಲುಬೆಯ ಹಾಗೆ ಯುದ್ಧದ ಕಾನೂನಿನಲ್ಲಿ ಅರ್ಥವಿರುವ ಗುರುತು. ಹೇಗ್ ಒಪ್ಪಂದದ 16ನೇ ವಿಧಿ ಅದರ ಆಕಾರ ಹೇಳುತ್ತದೆ: ಕೆಳಗೆ ಮೊನೆಯಾದ ಗುರಾಣಿ, ಒಂದು ಮೂಲೆ ಮೊನೆಯಾಗುವ ಹಾಗೆ ನಿಂತ ಕಡುನೀಲಿ ಚೌಕ, ಅದರ ಮೇಲೆ ಕಡುನೀಲಿ ತ್ರಿಕೋನ, ಎರಡು ಪಕ್ಕ ಬಿಳಿ ತ್ರಿಕೋನ. ಒಂದೇ ಗುರಾಣಿ ಸಾಮಾನ್ಯ ರಕ್ಷಣೆಯ ಆಸ್ತಿಗೂ ರಕ್ಷಣೆಯ ಸಿಬ್ಬಂದಿಗೂ. ಮೂರು ಗುರಾಣಿ ತ್ರಿಕೋನವಾಗಿ ಇದ್ದರೆ ವಿಶೇಷ ರಕ್ಷಣೆಯ ಸ್ಥಾವರ ಆಸ್ತಿ, ಸಾಗಣೆ, ತುರ್ತಾಗಿ ಮಾಡಿದ ಅಡಗುದಾಣ. 1999ರ ಪೂರಕ ಒಪ್ಪಂದದ ವರ್ಧಿತ ರಕ್ಷಣೆಗೆ ಕೆಂಪು ಅಂಚಿನ ಗುರಾಣಿ. 17ನೇ ವಿಧಿಯಂತೆ ಕಟ್ಟಡಕ್ಕೆ ಹಾಕುವಾಗ ಸಕ್ಷಮ ಅಧಿಕಾರಿ ದಿನಾಂಕ ಸಮೇತ ಸಹಿ ಮಾಡಿದ ಅನುಮತಿಪತ್ರವನ್ನೂ ಅಲ್ಲೇ ತೋರಿಸಬೇಕು. ಸ್ಟಿಕ್ಕರ್ ಬೈಕಿಗೂ ಚಹಾದಂಗಡಿಗೂ ಅಂಟಿದರೆ, ನಿಜವಾಗಿ ಬೇಕಾದ ದಿನ ಅದನ್ನು ಯಾರು ನಂಬುತ್ತಾರೆ? ಪಾಠದಲ್ಲಿ ಚಿತ್ರ ತೋರಿಸುವುದಕ್ಕೆ ಅಡ್ಡಿಯಿಲ್ಲ. ಗುರುತು ಹಿಡಿಯಲು ಕಲಿಸಿ, ಕೈಗೆ ಕೊಡಬೇಡಿ. 1996ರಲ್ಲಿ ಹುಟ್ಟಿದ ಬ್ಲೂ ಶೀಲ್ಡ್ ಎಂಬ ಸಂಸ್ಥೆಯೇ ಬೇರೆ, ಈ ಲಾಂಛನವೇ ಬೇರೆ ಎಂದೂ ಹೇಳಿ. ವಿಶ್ವ ಪರಂಪರೆಯ ದುಂಡು ಲಾಂಛನವೂ ರಕ್ಷಣಾ ಗುರುತಲ್ಲ. ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರ 1979ರಿಂದಲೇ ವಿಶ್ವ ಪರಂಪರೆ ಪಟ್ಟಿಯಲ್ಲಿತ್ತು, 6 ಡಿಸೆಂಬರ್ 1991ರಂದು ಅದರ ಮೇಲೆ ಶೆಲ್‌ಗಳು ಬಿದ್ದವು.

ಇದಕ್ಕಿಂತ ಮುಖ್ಯವಾದದ್ದನ್ನು ಯಾರೂ ಕಲಿಸುವುದಿಲ್ಲ. ಹೇಗ್ ಒಪ್ಪಂದ ಶತ್ರುವಿಗೆ ಮಾತ್ರವಲ್ಲ, ಸ್ವಂತ ಸೇನೆಗೂ ಕಟ್ಟು ಹಾಕುತ್ತದೆ. ಸ್ಮಾರಕವನ್ನೂ ಅದರ ಸುತ್ತಲ ಜಾಗವನ್ನೂ ಹಾನಿಗೆ ಈಡುಮಾಡುವಂತೆ ಬಳಸಬಾರದು. ತಪ್ಪಿಸಲಾಗದ ಸೈನಿಕ ಅಗತ್ಯ ಎಂಬ ಒಂದೇ ವಿನಾಯಿತಿ. ಕೋಟೆಯೊಳಗೆ ಮದ್ದುಗುಂಡು ಇಳಿಸಿದರೆ ಗೋಡೆಗೆ ಎಷ್ಟು ದೊಡ್ಡ ಗುರಾಣಿ ಬಳಿದರೂ ಅದು ಗುರಿಯಾಗಬಹುದು. ದಾಳಿಯೇ ಬೇಕಿಲ್ಲ: ಇರಾಕ್‌ನ ಬಾಬಿಲೋನ್‌ನ ಅವಶೇಷಗಳ ನಡುವೆ 2003-04ರಲ್ಲಿ ಮಿತ್ರಪಡೆಯ ಶಿಬಿರ ಇದ್ದಾಗ ಕಂದಕ ತೋಡಿ, ನೆಲ ಸಮತಟ್ಟು ಮಾಡಿ, ಹೊರಗಿನ ಜಲ್ಲಿ ಸುರಿದು ಪದರಗಳೇ ಕಲಸಿಹೋದವು. ಬಾಗ್ದಾದ್ ಮ್ಯೂಸಿಯಂ ಲೂಟಿಯಾದ 2003ರ ಏಪ್ರಿಲ್‌ನಲ್ಲಿ ಅಮೆರಿಕವೂ ಬ್ರಿಟನ್ನೂ ಹೇಗ್‌ಗೆ ಸೇರಿರಲಿಲ್ಲ; ಸೇರಿದ್ದು 2009 ಮತ್ತು 2017ರಲ್ಲಿ.

ಮ್ಯೂಸಿಯಂನವರಿಗೆ 1999ರ ಪೂರಕ ಒಪ್ಪಂದದ 5ನೇ ವಿಧಿ ಓದಿಸಿ. ಶಾಂತಿಕಾಲದ ಕೆಲಸಗಳ ಪಟ್ಟಿ ಅದು: ದಾಖಲೆಪಟ್ಟಿ, ಬೆಂಕಿ ಮತ್ತು ಕುಸಿತಕ್ಕೆ ತುರ್ತು ಯೋಜನೆ, ವಸ್ತುಗಳನ್ನು ಸಾಗಿಸುವ ಅಥವಾ ಇದ್ದಲ್ಲೇ ಕಾಯುವ ತಯಾರಿ, ಹೊಣೆಗಾರರ ನೇಮಕ. ಯುದ್ಧ ಬಾರದಿದ್ದರೂ ಇದರಲ್ಲಿ ಒಂದೂ ವ್ಯರ್ಥವಲ್ಲ, ಕಟ್ಟಡಕ್ಕೆ ನೀರು ನುಗ್ಗಿದರೂ ಇದೇ ಯೋಜನೆ ಬೇಕು. ಯಾವ ವಸ್ತು ಮೊದಲು ಹೊರಗೆ ಹೋಗಬೇಕು, ಎಷ್ಟು ಜನ ಎತ್ತಬೇಕು, ಬಾಗಿಲಲ್ಲಿ ಹಿಡಿಯುತ್ತದೆಯೇ ಎಂದು ಅಲ್ಲೇ ಬರೆಸಿ.

ಶಿಕ್ಷೆಯ ಉದಾಹರಣೆ ಬೇಕಾದರೆ ಮಾಲಿ ದೇಶದ ಟಿಂಬಕ್ಟುವಿನದು ಇದೆ. 2012ರಲ್ಲಿ ಸಮಾಧಿ ಮಂದಿರಗಳನ್ನು ಕೆಡವಿಸಿದ ಅಲ್ ಮಹದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 27 ಸೆಪ್ಟೆಂಬರ್ 2016ರಂದು 9 ವರ್ಷ ಶಿಕ್ಷೆ ಕೊಟ್ಟಿತು. ಅದು ನಡೆದದ್ದು ಆ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದ ಮೇಲೆ, ಹೇಗ್ ಒಪ್ಪಂದದ ಮೇಲಲ್ಲ. ಸ್ಲೈಡಿನಲ್ಲಿ ಸರಿಯಾಗಿ ಬರೆಯಿರಿ.

ಶಾಸನಪ್ರಿಯ

ಗಡಿಕಟ್ಟೆಯವರ ತಿದ್ದುಪಡಿ ಒಪ್ಪಿದೆ, ನನ್ನ ಆ ಸಾಲನ್ನು ಬಿಟ್ಟುಬಿಡಿ.

ಸಮಯ ಹೀಗೆ ಹಂಚಬಹುದು: ಪೀಠಿಕೆ 30 ನಿಮಿಷ, ವಿವರಣೆ ಬರೆಯುವ ಅಭ್ಯಾಸ 70, ಜಾಹೀರಾತು 50, ವಿರಾಮ 15, ಗುರಾಣಿ ಮತ್ತು ತುರ್ತು ಯೋಜನೆ 40, ಕೊನೆಗೆ ಪರೀಕ್ಷೆ 35.

ಪರೀಕ್ಷೆಯಲ್ಲಿ ಇಸವಿ ಕೇಳಬೇಡಿ, ಸನ್ನಿವೇಶ ಕೊಡಿ. ಬೆಳಿಗ್ಗೆ ಬಾಗಿಲು ತೆರೆದರೆ ಒಂದು ವಸ್ತು ಇಲ್ಲ, ಮೊದಲ ಒಂದು ಗಂಟೆಯಲ್ಲಿ ಏನೇನು? ಕೋಣೆ ಮುಚ್ಚಿ, ಏನನ್ನೂ ಮುಟ್ಟದೆ, ಪಟ್ಟಿಯೊಂದಿಗೆ ತಾಳೆ ನೋಡಿ, ಆಬ್ಜೆಕ್ಟ್ ಐಡಿ ಹಾಳೆ ಸಮೇತ ದೂರು ಎಂಬ ಕ್ರಮ ಬರಬೇಕು. 'ಮೊದಲು ಎಲ್ಲ ಕಪಾಟು ಹುಡುಕುತ್ತೇವೆ' ಎಂದವರು ಬೆರಳಚ್ಚು ಅಳಿಸಿದ ಹಾಗೆ. ಇನ್ನೊಂದು: ಮುಳುಗುಗಾರನೊಬ್ಬ 120 ವರ್ಷದ ಹಿಂದೆ ಮುಳುಗಿದ ಹಡಗಿನ ಹಲಗೆ ತಂದುಕೊಟ್ಟ. 2001ರ ಒಪ್ಪಂದಕ್ಕೆ 100 ವರ್ಷ ನೀರಲ್ಲಿದ್ದರೆ ಸಾಕು, ಮೊದಲ ಆಯ್ಕೆ ಇದ್ದಲ್ಲೇ ಬಿಡುವುದು. ಆದರೆ ತಂದಾಗಿದೆ, ಈಗ? ಒಣಗಲು ಬಿಡದೆ ನೀರಲ್ಲೇ ಇಟ್ಟು ಸಂರಕ್ಷಣಾ ತಜ್ಞರಿಗೆ ತಿಳಿಸಬೇಕು, ಒಣಗಿದರೆ ಮರ ಕುಗ್ಗಿ ಸೀಳುತ್ತದೆ. ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಎತ್ತಿದ ಮೇಲೆ ಈ ಕಾರಣಕ್ಕೇ 17 ವರ್ಷ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ರಾಸಾಯನಿಕ ಸಿಂಪಡಿಸುತ್ತಲೇ ಇರಬೇಕಾಯಿತು. ಮೂರನೆಯದು: ಒಂದು ಕಲಾತಂಡ 'ಯುನೆಸ್ಕೊ ಮೆಚ್ಚಿದ ಶ್ರೇಷ್ಠ ಕಲೆ' ಎಂದು ಫಲಕ ಹಾಕಬೇಕೆನ್ನುತ್ತದೆ. 2003ರ ಪಟ್ಟಿಗಳು ಶ್ರೇಷ್ಠತೆಯ ಅಂಕಪಟ್ಟಿಯಲ್ಲ, ಒಡೆತನದ ಪತ್ರವೂ ಅಲ್ಲ. ಸೇರಿಸುವ ಮೊದಲು ಆ ಸಮುದಾಯದ ಒಪ್ಪಿಗೆ ಬೇಕು.

ಮೂರು ತಿಂಗಳ ಮೇಲೆ ಒಮ್ಮೆ ಕೇಳಿ: ಎಷ್ಟು ವಸ್ತುಗಳಿಗೆ ಹಾಳೆ ಸಿದ್ಧವಾಯಿತು, ಎಷ್ಟಕ್ಕೆ ತಳದ ಫೋಟೊ ಇದೆ, ಎರಡನೇ ಪ್ರತಿ ಯಾವ ಕಟ್ಟಡದಲ್ಲಿದೆ. ಈ ಮೂರು ಸಂಖ್ಯೆ ಸಾಕು.

ಓಲೆಗರಿ

ಸ್ಟಿಕ್ಕರ್ ಮುದ್ರಣ ನಿಲ್ಲಿಸಿದೆ. ಒಂದು ಉಳಿಯಿತು: ಮೂವತ್ತು ಜನಕ್ಕೆ ಐದೈದು ಬಟ್ಟಲಿನ ಎಷ್ಟು ಗುಂಪು ಬೇಕಾದೀತು?

ದಾಖಲೆಪೆಟ್ಟಿಗೆ

ಆರು ಜನಕ್ಕೊಂದರಂತೆ ಐದು ಗುಂಪು, ಒಟ್ಟು 25 ಬಟ್ಟಲು. ಪ್ರತಿ ಮೇಜಿನಲ್ಲಿ ಮೂವರು ಬರೆಯಲಿ, ಮೂವರು ಆರಿಸಲಿ, ಎರಡನೇ ಸುತ್ತಿನಲ್ಲಿ ಅದಲುಬದಲು. ಮೇಜಿಗೊಂದು ಅಳತೆಪಟ್ಟಿ, ಒಂದು ಕೈದೀಪ, ಬೂದು ಕಾಗದ. ಬರೆಯುವವರೂ ಆರಿಸುವವರೂ ಬೆನ್ನು ಮಾಡಿ ಕೂರಲಿ, ಇಲ್ಲದಿದ್ದರೆ ಕಣ್ಣಸನ್ನೆಯಲ್ಲೇ ಉತ್ತರ ದಾಟಿಬಿಡುತ್ತದೆ.